ಸುಳ್ಳು-ಸುಳ್ಳು ಆಟ, ನಿಜವಾದ ಕಲಿಕೆ



ಚಂದ್ರಬಂಡದಲ್ಲಿ ಒಂದು ಸಂಘದ ಸಭೆಗೆ ನಾವು ಹೋಗಿದ್ದೆವು. ಆ ದಿನ ಸಾಲ ಮರುಪಾವತಿಯ ಲೆಕ್ಕ ಸರಿಹೊಂದಲಿಲ್ಲ, ಸಭೆ ಉದ್ದವಾಯಿತು. ತಾಯಂದಿರ ಹಿಂದೆ ಬಂದಿದ್ದ ಏಳೆಂಟು ಮಕ್ಕಳು ಹೊರಗೆ ಬೇವಿನ ಗಿಡದ ಕೆಳಗೆ ಆಡುತ್ತಿದ್ದವು. ಗದ್ದಲ ಹೆಚ್ಚಾಯಿತೆಂದು ಗದರಿಸಲು ಎದ್ದು ಹೋದೆವು. ಹೋದವರು ಬಾಗಿಲಲ್ಲೇ ನಿಂತುಬಿಟ್ಟೆವು. ಮಕ್ಕಳೂ ಸಭೆ ನಡೆಸುತ್ತಿದ್ದವು! ದುಂಡಗೆ ಕುಳಿತಿದ್ದವು, ನಡುವೆ ಒಂದು ಹರಿದ ನೋಟ್‌ಬುಕ್ಕು. ಬೇವಿನ ಎಲೆಯೇ ನೋಟು, ಹುಣಸೆ ಬೀಜವೇ ಚಿಲ್ಲರೆ. ನಾಲ್ಕೂವರೆ ವರ್ಷದ ಒಬ್ಬ ಹುಡುಗಿ ತಲೆ ಮೇಲೆ ಟವೆಲ್ಲು ಹೊದ್ದುಕೊಂಡು ಬೆರಳು ಆಡಿಸುತ್ತಾ, “ಯಾಕ್ರಿ, ಹೋದ ವಾರನೂ ಕಟ್ಟಿಲ್ಲ, ಈ ವಾರನೂ ಕಟ್ಟಿಲ್ಲ? ಹಿಂಗಾದ್ರ ಸಂಘ ಹೆಂಗ ನಡೀಬೇಕು?” ಎಂದು ಕೇಳುತ್ತಿದ್ದಳು. ನೀನು ಯಾರಮ್ಮ ಎಂದೆವು. “ನಾ ಸಿಸ್ಟರ್” ಎಂದಳು.

ತಾಯಂದಿರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾವೂ ನಕ್ಕೆವು. ಆದರೆ ಒಳಗೆ ಸ್ವಲ್ಪ ಚುಚ್ಚಿದ್ದೂ ನಿಜ. ನಾವು ಅಷ್ಟು ಬಿರುಸಾಗಿ ಮಾತಾಡುತ್ತೇವೆಂದು ಅಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ.

ಅದೇ ಸಭೆಯ ಕೊನೆಗೆ ಒಬ್ಬ ತಾಯಿ ಸಾಲದ ಅರ್ಜಿ ಕೊಟ್ಟರು. ಮೂರೂವರೆ ವರ್ಷದ ಮಗಳನ್ನು ಅಂಗನವಾಡಿಯಿಂದ ಬಿಡಿಸಿ, ಪ್ರತಿದಿನ ವ್ಯಾನಿನಲ್ಲಿ ಕಳಿಸಿ, ಎಲ್‌ಕೆಜಿಗೆ ಸೇರಿಸಬೇಕಂತೆ. ಯಾಕೆ ಎಂದು ಕೇಳಿದರೆ, “ಅಂಗನವಾಡ್ಯಾಗ ಬರೇ ಆಡ್ತಾವ್ರಿ ಸಿಸ್ಟರ್, ಏನೂ ಕಲಿಯಂಗಿಲ್ಲ. ಅಲ್ಲಾದ್ರ ಎಬಿಸಿಡಿ ಬರಸ್ತಾರ” ಎಂದರು. ಸಾಲ ಕೊಡುವುದು ಬಿಡುವುದು ಸಂಘದ ತೀರ್ಮಾನ. ಆದರೆ “ಬರೇ ಆಟ” ಎಂಬ ಮಾತಿಗೆ ನಾವು ಉತ್ತರ ಕೊಡಬೇಕು ಅನ್ನಿಸಿತು. ಈ ಬರಹ ಅದಕ್ಕಾಗಿ.

ಬೇವಿನ ಎಲೆ ನೋಟಾದದ್ದು ಹೇಗೆ?

ಅಡಿಗೆ ಆಟ, ಅಂಗಡಿ ಆಟ, ಡಾಕ್ಟರ್ ಆಟ, ಬಸ್ಸಿನ ಆಟ, ಮದುವೆ ಆಟ. ಇವನ್ನೆಲ್ಲ ನಮ್ಮ ಮಕ್ಕಳು “ಸುಳ್ಳು-ಸುಳ್ಳು ಆಟ” ಅನ್ನುತ್ತಾರೆ. “ಏ, ನಿಜಾ ಅಲ್ಲ, ಸುಳ್ಳು-ಸುಳ್ಳು ಕುಡೀಬೇಕು” ಎಂದು ಒಬ್ಬರಿಗೊಬ್ಬರು ಎಚ್ಚರಿಸುತ್ತಾರೆ. ಪುಸ್ತಕದಲ್ಲಿ ಇದಕ್ಕೆ ನಟನೆಯ ಆಟ, ಪಾತ್ರದ ಆಟ ಎಂದೆಲ್ಲ ಹೆಸರಿದೆ. ನಮಗೆ ಮಕ್ಕಳು ಇಟ್ಟ ಹೆಸರೇ ಸಾಕು.

ಆ ದಿನದ ಮಕ್ಕಳ ಸಂಘವನ್ನೇ ನೋಡಿ. ಬೇವಿನ ಎಲೆ ಎಲೆಯೇ ಎಂದು ಎಲ್ಲ ಮಕ್ಕಳಿಗೂ ಗೊತ್ತು. ಆದರೂ ಅದನ್ನು ನೋಟೆಂದು ಎಲ್ಲರೂ ಒಪ್ಪಿಕೊಂಡರು. ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲುತ್ತದೆ ಎಂಬ ತಿಳುವಳಿಕೆ ಇದು. ಯೋಚನೆ ಮಾಡಿ ನೋಡಿ, ಅಕ್ಷರ ಅಂದರೆ ಏನು? ಸ್ಲೇಟಿನ ಮೇಲಿನ ಒಂದು ಗೀಟು ಬಾಯಿಂದ ಬರುವ ಒಂದು ಶಬ್ದದ ಬದಲಿಗೆ ನಿಲ್ಲುತ್ತದೆ. ‘5’ ಎಂಬ ಗುರುತು ಐದು ರೊಟ್ಟಿಯ ಬದಲಿಗೆ ನಿಲ್ಲುತ್ತದೆ. ಎಲೆಯನ್ನು ನೋಟು ಮಾಡಿಕೊಂಡು ಆಡಿದ ಮಗುವಿಗೆ ಅಕ್ಷರದ ಗುಟ್ಟು ಹೊಸದೇನಲ್ಲ. ಆ ಆಟ ಆಡದೆ ನೇರವಾಗಿ ಸ್ಲೇಟಿಗೆ ಕೂಡಿಸಿದ ಮಗು ಗೀಟನ್ನು ಗೀಟಾಗಿಯೇ ತಿದ್ದುತ್ತದೆ. ಕೈ ನೋಯುತ್ತದೆ, ಅರ್ಥ ಆಗುವುದಿಲ್ಲ.

ಇನ್ನು ಆ ಹುಡುಗಿಯ ಮಾತು. ಮನೆಯಲ್ಲಿ ಅವಳು ಅವ್ವನಿಗೂ ತಮ್ಮನಿಗೂ “ಬಾ, ಹೋಗು” ಅನ್ನುವವಳು. ಸಿಸ್ಟರ್ ಆದ ಕೂಡಲೇ “ಯಾಕ್ರಿ, ಕಟ್ರಿ” ಎಂದಳು. ಯಾರಿಗೆ ಯಾವ ಮಾತು ಎಂದು ಯಾರೂ ಪಾಠ ಮಾಡಿರಲಿಲ್ಲ. ಗಡಿಗೆ ಹತ್ತಿರದ ನಮ್ಮ ಊರುಗಳಲ್ಲಿ ಕೆಲವು ಮನೆಗಳಲ್ಲಿ ತೆಲುಗು, ಕೆಲವು ಮನೆಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಅಂಗಡಿ ಆಟದಲ್ಲಿ ಇವೆಲ್ಲ ಕನ್ನಡದ ಜೊತೆ ಬೆರೆಯುತ್ತವೆ. ಬೆರೆಯಲಿ ಬಿಡಿ, ತಿದ್ದಬೇಡಿ. ಮನೆಯ ಮಾತು ಗಟ್ಟಿಯಾದ ಮಗುವಿಗೆ ಶಾಲೆಯ ಮಾತು ಕಷ್ಟವಾಗುವುದಿಲ್ಲ.

ಇನ್ನೊಂದು ಸಂಗತಿ ತಾಯಂದಿರೇ ನಮಗೆ ತೋರಿಸಿದ್ದು. ಎರಡು ನಿಮಿಷ ಒಂದು ಕಡೆ ಕೂಡದ ತುಂಟ ಹುಡುಗ ಡಾಕ್ಟರ್ ಆಟದಲ್ಲಿ ‘ಪೇಶೆಂಟ್’ ಆಗಿ ಅಲುಗಾಡದೆ ಮಲಗಿದ್ದ. “ಇಂಜೆಕ್ಷನ್ ಆಗೋತನ ಏಳಬಾರ್ದು” ಎಂಬ ಕಟ್ಟಳೆಯನ್ನು ಅವನೇ ಒಪ್ಪಿಕೊಂಡಿದ್ದ. ನಾವು ಹೇಳಿದರೆ ಕೇಳದ ಮಗು ಆಟ ಹೇಳಿದರೆ ಕೇಳುತ್ತದೆ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1933ರ ಒಂದು ಉಪನ್ಯಾಸದಲ್ಲಿ ಇದನ್ನೇ ವಿವರಿಸಿದ್ದರು. ಕೋಲನ್ನು ಕುದುರೆ ಮಾಡಿಕೊಂಡು ಓಡುವ ಮಗು ವಸ್ತುವನ್ನೂ ಅದರ ಅರ್ಥವನ್ನೂ ಬೇರೆ ಮಾಡಲು ಕಲಿಯುತ್ತದೆ; ಆಟದಲ್ಲಿ ಮಗು ತನ್ನ ವಯಸ್ಸಿಗಿಂತ ದೊಡ್ಡದಾಗಿ ನಡೆದುಕೊಳ್ಳುತ್ತದೆ ಎಂಬುದು ಅವರ ವಿಚಾರ. ಸಮಾಜಕಾರ್ಯ ಓದುವಾಗ ನಾವು ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ಅರ್ಥವಾದದ್ದು ಹಳ್ಳಿಗಳ ಅಂಗಳದಲ್ಲಿ.

ಹಾಗೆಂದು ಆಟವನ್ನು ಮಂತ್ರದ ತಾಯಿತದಂತೆ ಮಾರುವುದು ಬೇಡ. 2013ರಲ್ಲಿ ಅಮೆರಿಕಾದ ಏಂಜಲೀನ್ ಲಿಲ್ಲಾರ್ಡ್ ಮತ್ತು ಅವರ ಜೊತೆಯವರು ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ನೋಡಿದರು. ಈ ಆಟ ಒಂದರಿಂದಲೇ ಬುದ್ಧಿ ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರ ಸಾಲದು ಎಂದು ಹೇಳಿದರು. ಆಟದೊಳಗಿನ ಮಾತುಕತೆ, ಕಥೆ ಕಟ್ಟುವುದು, ದೊಡ್ಡವರು ಜೊತೆಗಿರುವುದು, ಇವೆಲ್ಲ ಸೇರಿಯೇ ಫಲ ಕೊಡುತ್ತಿರಬಹುದು. ನಮ್ಮ ಅನುಭವವೂ ಅದೇ. ಹೊಟ್ಟೆ ತುಂಬಿರಬೇಕು, ಮಾತಾಡಿಸುವವರು ಇರಬೇಕು, ಆಡಲು ಗೆಳೆಯರು ಇರಬೇಕು.

ಅಂಗನವಾಡಿ ಎಂಬ ಹೆಸರು

ಗುಜರಾತಿನ ಗಿಜುಭಾಯಿ ಬಧೇಕಾ ಅವರು ವಕೀಲರಾಗಿದ್ದವರು. ಆ ಕೆಲಸ ಬಿಟ್ಟು ಮಕ್ಕಳ ಕಡೆಗೆ ಬಂದು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಹೊಡೆಯದೆ, ಹೆದರಿಸದೆ, ಕಥೆ, ಹಾಡು, ನಾಟಕದ ಮೂಲಕ ಕಲಿಸಿದರು. ಜನ ಅವರನ್ನು ‘ಮೀಸೆಯ ತಾಯಿ’ ಎಂದು ಕರೆದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಮುಂದೆ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಊರಿಗೆ ಹೋದರು. ಬಡವರ, ಆದಿವಾಸಿಗಳ ಮಕ್ಕಳು ಶಾಲೆಗೆ ಬರುವುದಿಲ್ಲವಾದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ಅನುತಾಯಿ ವಾಘ್ ಅವರ ಜೊತೆ ಸೇರಿ ಕಲಿಸಿದರು. ದುಬಾರಿ ಆಟಿಕೆಗಳ ಬದಲು ಎಲೆ, ಬೀಜ, ಕಲ್ಲು, ಚಿಪ್ಪು ಬಳಸಿದರು. ಅಂಗಳದ ಬಾಲವಾಡಿ ಅಂಗನವಾಡಿಯಾಯಿತು.

ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಅದರಲ್ಲಿ ನಮ್ಮ ರಾಜ್ಯದ ಟಿ. ನರಸೀಪುರವೂ ಇತ್ತು. ಮೂರರಿಂದ ಆರು ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣ ಆ ಯೋಜನೆಯ ಸೇವೆಗಳಲ್ಲಿ ಒಂದು. ಆದರೆ ನಮ್ಮಲ್ಲಿ ಬಹಳ ಜನರಿಗೆ ಅಂಗನವಾಡಿ ಎಂದರೆ ಆಹಾರದ ಪೊಟ್ಟಣ, ಮೊಟ್ಟೆ, ತೂಕ ಇಷ್ಟೇ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ, 2024ರಲ್ಲಿ ಅಂಗನವಾಡಿಗಳಿಗೆಂದು ಬಂದ ‘ಆಧಾರಶಿಲಾ’ ಪಠ್ಯಕ್ರಮವೂ ಈ ವಯಸ್ಸಿನಲ್ಲಿ ಆಟದ ಮೂಲಕವೇ ಕಲಿಸಬೇಕು ಎನ್ನುತ್ತವೆ. ಹಾಗಾಗಿ ಟೀಚರಮ್ಮ ಮಕ್ಕಳನ್ನು ಆಡಿಸುತ್ತಿದ್ದರೆ “ಕೆಲಸ ತಪ್ಪಿಸ್ಯಾಳ” ಎನ್ನಬೇಡಿ. ಆಡಿಸದೆ ಬರೀ ಬಾಯಿಪಾಠ ಹೇಳಿಸುತ್ತಿದ್ದರೆ ಕೇಳಿ. ಮೂರು ವರ್ಷದ ಮಗುವಿನ ಬೆರಳಿನ ಎಲುಬು, ನರ ಇನ್ನೂ ಬಲಿತಿರುವುದಿಲ್ಲ. ಅದಕ್ಕೆ ಕಾಪಿ ಬರೆಸುವ ಶಾಲೆಗಳು ಇವೆ. ನಮ್ಮ ಧರ್ಮಭಗಿನಿಯರು ನಡೆಸುವ ಶಾಲೆಗಳಲ್ಲೂ ಈ ತಪ್ಪು ಆಗಿದೆ, ಮುಚ್ಚಿಡುವುದಿಲ್ಲ.

ಯಾವ ವಯಸ್ಸಿಗೆ ಎಂಥ ಆಟ

ಒಂದು ವರ್ಷ ದಾಟಿದ ಕೂಸು ಖಾಲಿ ಲೋಟ ಬಾಯಿಗಿಟ್ಟು ಕುಡಿದಂತೆ ಮಾಡಿ ನಮ್ಮ ಮುಖ ನೋಡಿ ನಗುತ್ತದೆ. ಅಲ್ಲಿಂದ ಶುರು. ಎರಡರ ಹತ್ತಿರ ಬಂದಾಗ ಗೊಂಬೆಗೋ ನಾಯಿಮರಿಗೋ ಉಣ್ಣಿಸುತ್ತದೆ, ಕಡ್ಡಿಯನ್ನು ಚಮಚ ಮಾಡಿಕೊಳ್ಳುತ್ತದೆ. ಮೂರಕ್ಕೆ “ನಾ ಅವ್ವ, ನೀ ಮಗ” ಶುರುವಾಗುತ್ತದೆ, ಆದರೆ ಜಗಳವೇ ಹೆಚ್ಚು. ನಾಲ್ಕೈದು ವರ್ಷದ ಮಕ್ಕಳು ನಾಲ್ಕು ಜನ ಕೂಡಿ, ಯಾರು ಯಾರೆಂದು ಹಂಚಿಕೊಂಡು, ನಿನ್ನೆ ಬಿಟ್ಟ ಕಡೆಯಿಂದ ಇವತ್ತು ಮುಂದುವರಿಸುತ್ತವೆ. ಮದುವೆ ಆಟವಾದರೆ ನಿಶ್ಚಯದಿಂದ ಊಟದ ತನಕ ಎರಡು ದಿನ ನಡೆಯುತ್ತದೆ. ಎಲ್ಲ ಮಕ್ಕಳೂ ಈ ಲೆಕ್ಕಕ್ಕೆ ಸರಿಯಾಗಿಯೇ ಬರಬೇಕೆಂದಿಲ್ಲ, ಸ್ವಲ್ಪ ಹಿಂದೆ ಮುಂದೆ ಆಗುತ್ತದೆ.

ಆದರೆ ಎರಡು ವರ್ಷ ದಾಟಿದರೂ ಮಗು ಇಂಥ ಆಟವನ್ನೇ ಆಡದೆ, ಹೆಸರು ಕೂಗಿದರೆ ತಿರುಗಿ ನೋಡದೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದೆ, ಒಂದೇ ವಸ್ತುವನ್ನು ಗಂಟೆಗಟ್ಟಲೆ ತಿರುಗಿಸುತ್ತಾ ಕುಳಿತರೆ ತಡಮಾಡಬೇಡಿ. ಕಿವಿ ಕೇಳಿಸುತ್ತಿಲ್ಲವೋ, ಬೆಳವಣಿಗೆಯಲ್ಲಿ ಬೇರೆ ತೊಂದರೆಯಿದೆಯೋ ಡಾಕ್ಟರೇ ನೋಡಬೇಕು. “ಅವರಪ್ಪನೂ ತಡಾನೇ ಮಾತಾಡಿದ್ದ” ಎಂದು ವರ್ಷ ಕಳೆಯುವುದು ಬೇಡ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಆ ದಿನ ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋಗದೆ ಅಂಗನವಾಡಿಯಲ್ಲಿ ಬಿಡಿ. ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿರಿ.

ದೊಡ್ಡವರು ಏನು ಮಾಡಬೇಕು?

“ಅಡ್ಡ ಬರಬೇಡಿ” ಎಂಬುದು ಅರ್ಧ ಉತ್ತರ. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ಬಂದು ರೊಟ್ಟಿ ಬಡಿಯುವ ತಾಯಿಗೆ ಮಗುವಿನ ಜೊತೆ ಆಡಲು ವೇಳೆ ಎಲ್ಲಿದೆ ಎಂದು ನೀವು ಕೇಳುತ್ತೀರಿ. ಬೇರೆ ವೇಳೆ ಬೇಡ. ರೊಟ್ಟಿ ಬಡಿಯುವಾಗ ಒಂದು ಸಣ್ಣ ಹಿಟ್ಟಿನ ಉಂಡಿ ಕೊಡಿ. ಅದು ತನ್ನ ರೊಟ್ಟಿ ಮಾಡಿ ತಂದಾಗ “ಅಯ್ಯ, ಖಾರ ಜಾಸ್ತಿ ಆತಲ್ಲವ್ವಾ, ಪಲ್ಯ ಯಾರು ಮಾಡಿದ್ರು?” ಎಂದು ಕೇಳಿ. ಇಷ್ಟೇ. ಮಗು ಅದಕ್ಕೆ ಉತ್ತರ ಹುಡುಕಬೇಕು, ಹೊಸ ಮಾತು ಜೋಡಿಸಬೇಕು, ಆಟ ಒಂದು ಹೆಜ್ಜೆ ಮುಂದೆ ಹೋಗುತ್ತದೆ.

ಅಂಗಡಿ ಆಟ ನಡೆದಿದ್ದರೆ ಗಿರಾಕಿಯಾಗಿ ಹೋಗಿ. “ಅಕ್ಕಾ, ಟಮಾಟಿ ಹೆಂಗ ಕೆಜಿ? ನನ್ನತ್ರ ಹತ್ತೇ ರೂಪಾಯಿ ಐತಿ, ಏನು ಮಾಡ್ಲಿ?” ಎಂದು ಒಂದು ತೊಡಕು ಹಾಕಿ, ಉತ್ತರ ಬಂದ ಮೇಲೆ ಎದ್ದು ಬನ್ನಿ. ಅಲ್ಲೇ ಕುಳಿತು “ಹಂಗಲ್ಲ ಹಿಂಗ ತೂಗು” ಎಂದು ಯಜಮಾನಿಕೆ ಮಾಡಿದರೆ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ನಾವೇ ಎಷ್ಟೋ ಸಲ ಹೀಗೆ ಆಟ ಕೆಡಿಸಿದ್ದೇವೆ.

ಕಥೆಯನ್ನು ಆಡಿಸುವುದು ಇನ್ನೊಂದು ದಾರಿ. ಕಾಗಕ್ಕ ಗುಬ್ಬಕ್ಕನ ಕಥೆ, ಪುಣ್ಯಕೋಟಿಯ ಕಥೆ ನಿಮಗೆಲ್ಲ ಗೊತ್ತು. ಅಜ್ಜಿ ಕಥೆ ಹೇಳುತ್ತಿರಲಿ, ಮಕ್ಕಳು ಹುಲಿಯಾಗಲಿ, ಆಕಳಾಗಲಿ. ಮಾತಾಡಲು ನಾಚುವ ಮಗು ಗಿಡವಾಗಿ ನಿಲ್ಲಲಿ, ಬಾಗಿಲಾಗಲಿ. ನಾಲ್ಕನೇ ದಿನ ಅದೇ ಮಗು “ನಾ ಹುಲಿ ಆಗ್ತೀನಿ” ಎನ್ನುತ್ತದೆ. ಮಗು ಮಾತು ಬದಲಿಸಿದರೆ, ಹುಲಿಗೆ ಆಕಳು ರೊಟ್ಟಿ ಕೊಟ್ಟು ಕಳಿಸಿದರೆ, ಬದಲಿಸಲಿ ಬಿಡಿ. ಆಗಸ್ಟ್ 15ಕ್ಕೋ ವಾರ್ಷಿಕೋತ್ಸವಕ್ಕೋ ನಾಲ್ಕು ವರ್ಷದ ಮಕ್ಕಳಿಗೆ ಲಿಪ್‌ಸ್ಟಿಕ್ ಹಚ್ಚಿ, ಡೈಲಾಗು ಬಾಯಿಪಾಠ ಮಾಡಿಸಿ, ಮೈಕಿನ ಮುಂದೆ ನಿಲ್ಲಿಸಿ, ಅತ್ತರೆ ಬೈಯುವುದು ಬೇರೆ ಸಂಗತಿ. ಅದು ದೊಡ್ಡವರ ಆಟ.

ಸಾಮಾನಿಗೆ ದುಡ್ಡು ಬೇಡ. ಹಳೇ ಸೀರೆಯ ತುಂಡು ಮನೆಯಾಗುತ್ತದೆ, ಮುಂಡಾಸಾಗುತ್ತದೆ, ನದಿಯಾಗುತ್ತದೆ. ಪ್ಲಾಸ್ಟಿಕ್ ಫೋನು ಫೋನು ಮಾತ್ರ ಆಗುತ್ತದೆ. ಒಂದು ಹಂಚಿನ ತುಂಡು ಫೋನೂ ಆಗುತ್ತದೆ, ಸೋಪೂ ಆಗುತ್ತದೆ, ಟಿಕೆಟ್ ಮಿಷನ್ನೂ ಆಗುತ್ತದೆ. ನಮ್ಮ ಕಾಲದಲ್ಲಿ ಜೋಳದ ದಂಟಿನ ಬೆಂಡಿನಿಂದ ಬಂಡಿ, ಎತ್ತು ಮಾಡುತ್ತಿದ್ದರು. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಮಣ್ಣಿನ ಎತ್ತು. ಮೊಹರಂ ಮುಗಿದ ಮರುದಿನ ಹಿಂದೂ-ಮುಸ್ಲಿಂ ಮಕ್ಕಳೆಲ್ಲ ಕೂಡಿ ಕೋಲಿಗೆ ಬಣ್ಣದ ಬಟ್ಟೆ ಕಟ್ಟಿ, ಡಬ್ಬಿ ಬಾರಿಸುತ್ತಾ ಓಣಿಯಲ್ಲಿ ಅಲಾಯಿ ದೇವರನ್ನು ಹೊರಡಿಸುತ್ತವೆ. ಯಾವ ಆಟಿಕೆ ಅಂಗಡಿ ಇದನ್ನು ಕೊಡುತ್ತದೆ?

ಮೊಬೈಲ್ ಬಗ್ಗೆ ಎರಡೇ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಟಿವಿ, ಮೊಬೈಲ್ ತೋರಿಸುವುದು ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಕಡಿಮೆ ಆದಷ್ಟೂ ಒಳ್ಳೆಯದು. ಮೊಬೈಲಿನಲ್ಲಿ ಕಥೆ ತಾನೇ ನಡೆಯುತ್ತದೆ, ಮಗು ಕಟ್ಟಬೇಕಾಗಿಲ್ಲ.

ಆಟದಲ್ಲಿ ಮನೆಯ ಮಾತು ಬಂದಾಗ

ನಾವು ಈ ಬರಹ ಬರೆಯಲು ಕೂತದ್ದು ಮುಖ್ಯವಾಗಿ ಈ ಭಾಗಕ್ಕಾಗಿ. ಮಾನ್ವಿ ಕಡೆಯ ಒಂದು ಹಳ್ಳಿಯಲ್ಲಿ ಐದು ವರ್ಷದ ಹುಡುಗ ಖಾಲಿ ಬಾಟಲಿ ಹಿಡಿದು ತೂರಾಡುತ್ತಾ ಬಂದು, ‘ಹೆಂಡ್ತಿ’ ಆಗಿದ್ದ ಹುಡುಗಿಯ ಜಡೆ ಹಿಡಿದು, “ರೊಕ್ಕ ಎಲ್ಲಿಟ್ಟಿ?” ಎಂದ. ಕಟ್ಟೆ ಮೇಲೆ ಕುಳಿತಿದ್ದ ಹೆಂಗಸರು ನಕ್ಕರು. ಅವನ ತಾಯಿ ನಗಲಿಲ್ಲ. ಎದ್ದು ಬಂದು ಮಗನಿಗೆ ನಾಲ್ಕು ಬಿಟ್ಟರು. ಆಮೇಲೆ ನಮ್ಮ ಹತ್ತಿರ ಕುಳಿತು, “ಊರ ಮುಂದ ಮಾನ ಕಳದ ಸಿಸ್ಟರ್” ಎಂದು ಅತ್ತರು.

ಆ ತಾಯಿಯ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಸಹೋದರಿಯರೇ, ಆ ಹುಡುಗ ಮಾನ ಕಳೆಯಲಿಲ್ಲ. ರಾತ್ರಿ ಗೋಡೆಗೆ ಮುಖ ಮಾಡಿ ಮಲಗಿ ಕೇಳಿಸಿಕೊಂಡದ್ದನ್ನು ಹೇಳಲು ಅವನಿಗೆ ಮಾತು ಗೊತ್ತಿಲ್ಲ, ಆಟ ಗೊತ್ತಿದೆ. ಹೆದರಿಕೆಯಾದಾಗ ಸುಮ್ಮನೆ ಮಲಗಿದ್ದವನು ಆಟದಲ್ಲಿ ಹೆದರಿಸುವವನಾಗಿ ನೋಡುತ್ತಿದ್ದಾನೆ. ಹೊಡೆದರೆ ಆಟ ನಿಲ್ಲುತ್ತದೆ, ಹೆದರಿಕೆ ಒಳಗೇ ಉಳಿಯುತ್ತದೆ. ಜಡೆ ಎಳೆಯುವುದನ್ನು ಮಾತ್ರ ತಡೆಯಿರಿ, ಆಟದಲ್ಲೂ ಯಾರಿಗೂ ನೋವು ಮಾಡುವಂತಿಲ್ಲ ಎಂದು ಹೇಳಿ. ಉಳಿದದ್ದನ್ನು ಒಳಗೆ ಹೋಗಿ ಬಿಡಿಸಿ: “ಆ ಮನ್ಯಾಗಿನ ಕೂಸಿಗೆ ಅಂಜಿಕಿ ಆಗಿರಬೇಕಲ್ಲ? ಅದು ಎಲ್ಲಿ ಹೋಗಿ ಕುಂತೈತಿ?” ಎಂದು ಕೇಳಿದರೆ ಸಾಕು. ನಾವು ಕೇಳಿದೆವು. ಹುಡುಗ ಬಾಟಲಿ ಬಿಟ್ಟು, “ಅಜ್ಜಿ ಮನೀಗೆ ಓಡಿ ಹೋಗೈತಿ” ಎಂದ. ಆಮೇಲೆ ಆಟ ಅಜ್ಜಿ ಮನೆಯಲ್ಲೇ ನಡೆಯಿತು. ಕುಡಿತದ ವಿಷಯವನ್ನು ಸಂಘದಲ್ಲಿ ಮಾತಾಡಬೇಕಾದವರು ನಾವು, ದೊಡ್ಡವರು. ಅದನ್ನು ಮಗುವಿನ ತಲೆಗೆ ಕಟ್ಟಬಾರದು.

ದೇವದುರ್ಗ, ಮಾನ್ವಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವುದು ನಿಮಗೆ ಹೊಸದಲ್ಲ. ಅಪ್ಪ ಅವ್ವ ಕಟ್ಟಡ ಕೆಲಸಕ್ಕೆ ಹೋಗಿ, ಅಜ್ಜಿಯ ಹತ್ತಿರ ಉಳಿದ ಒಂದು ಹುಡುಗಿ ಬಟ್ಟೆಯ ಗೊಂಬೆಯನ್ನು ಮೂಲೆಯಲ್ಲಿ ಕೂಡಿಸಿ, ತಾನು ಗಂಟು ಹೊತ್ತು, “ನೀ ಅಜ್ಜಿ ಹತ್ರ ಇರು, ಅಳಬ್ಯಾಡ, ಹಬ್ಬಕ್ಕ ಬರ್ತೀನಿ” ಎಂದು ಹೇಳಿ ಬಸ್ಸು ಹತ್ತುತ್ತಿದ್ದಳು. ದಿನಾ ಅದೇ ಆಟ. ಅಜ್ಜಿಗೆ ಕರುಳು ಕಿತ್ತು ಬಂದು ಗೊಂಬೆಯನ್ನೇ ಅಡಗಿಸಿಟ್ಟರು. ಗೊಂಬೆ ವಾಪಸ್ ಕೊಡಿ ಎಂದು ನಾವು ಬೇಡಿಕೊಂಡೆವು. ಬಿಟ್ಟು ಹೋಗಿಸಿಕೊಂಡ ಮಗು ಆಟದಲ್ಲಿ ತಾನೇ ಹೋಗಿ, ತಾನೇ ತಿರುಗಿ ಬರುತ್ತಾಳೆ. ಹೋದವರು ಬರುತ್ತಾರೆ ಎಂಬುದನ್ನು ಅವಳು ತನಗೆ ತಾನೇ ಹೇಳಿಕೊಳ್ಳುವ ದಾರಿ ಅದು. ಅಜ್ಜಿ ಮುಂದೆ ಗೊಂಬೆಯ ಪರವಾಗಿ ಮಾತಾಡಲು ಕಲಿತರು: “ಬರುವಾಗ ನನಗ ಏನು ತರ್ತಿ?” ಎಂದು. ಗುಳೆ ಹೋಗುವಾಗ ಮಗುವನ್ನು ಜೊತೆಗೆ ಕರೆದೊಯ್ಯುವವರು ಪಾತ್ರೆ ಗಂಟಿನ ಜೊತೆ ಮಗುವಿನ ಗೊಂಬೆಯನ್ನೂ ಇಟ್ಟುಕೊಳ್ಳಿ.

ಮನೆಯಲ್ಲಿ ಸಾವಾದರೆ ಮಕ್ಕಳು ಮಣ್ಣು ಕೊಡುವ ಆಟ ಆಡುತ್ತಾರೆ. ಅಪಶಕುನ ಎಂದು ಹೆದರಬೇಡಿ. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕುವ ಆಟವನ್ನೂ ಆಡಿದರು, ಆಮೇಲೆ ತಾವೇ ಬಿಟ್ಟರು.

ಹುಡುಗ ರೊಟ್ಟಿ ಬಡಿದರೆ, ಕೂಸು ತೂಗಿದರೆ “ಹೆಣ್ಣುಡುಗಿ ಏನಲೇ?” ಎನ್ನುವವರು ಇದ್ದಾರೆ. ಮುಂದೆ ನಿಮ್ಮ ಸೊಸೆ ನಿಮಗೆ ಕೈ ಮುಗಿಯುತ್ತಾಳೆ, ಬಡಿಯಲಿ ಬಿಡಿ. ಹುಡುಗಿ ಡ್ರೈವರ್ ಆಗಲಿ, ಪಂಚಾಯಿತಿ ಅಧ್ಯಕ್ಷೆಯಾಗಲಿ. ಇನ್ನೊಂದನ್ನು ಗಮನಿಸಿ. ಆಟದಲ್ಲಿ ಯಾವಾಗಲೂ ಒಂದೇ ಓಣಿಯ ಮಗು ಆಳಾಗುತ್ತದೆಯೇ? “ನೀ ಕೊಡ ಮುಟ್ಟಬ್ಯಾಡ” ಎಂಬ ಮಾತು ಬರುತ್ತದೆಯೇ? ಮಕ್ಕಳು ಅದನ್ನು ತಾವಾಗಿ ಕಲಿತಿಲ್ಲ. ಒಬ್ಬ ಅಂಗನವಾಡಿ ಟೀಚರಮ್ಮ ಇದಕ್ಕೆ ಭಾಷಣ ಮಾಡಲಿಲ್ಲ. “ಇವತ್ತು ಇವನು ಸಾಹುಕಾರ, ನೀರು ಕೊಡೋದೂ ಇವನೇ” ಎಂದು ಪಾತ್ರ ಬದಲಿಸಿದರು. ಮಕ್ಕಳು ಕುಡಿದರು.

ಕೆಲವು ಆಟ ಬೇರೆ ಥರ ಇರುತ್ತವೆ. ದಿನಾ ಒಂದೇ ರೀತಿ, ನಗುವಿಲ್ಲದೆ, ಹೆದರಿಕೆಯಿಂದ ಆಡುತ್ತಿದ್ದರೆ, ಅಥವಾ ದೊಡ್ಡವರೊಬ್ಬರು ಮೈ ಮುಟ್ಟುವುದನ್ನು ವಯಸ್ಸಿಗೆ ಮೀರಿ ತೋರಿಸುತ್ತಿದ್ದರೆ, ಹೊಡೆಯಬೇಡಿ, ಹತ್ತು ಜನರ ಮುಂದೆ ಪೊಲೀಸರಂತೆ ವಿಚಾರಣೆ ಮಾಡಬೇಡಿ. ಹತ್ತಿರ ಕುಳಿತು ಅದು ಹೇಳಿದಷ್ಟನ್ನು ನಂಬಿ ಕೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ.

ಜೋಪಾನ

ಅಡಿಗೆ ಆಟದ ಪಾತ್ರೆಗಳನ್ನು ಒಮ್ಮೆ ಕಣ್ಣಿಂದ ನೋಡಿ. ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಎಣ್ಣೆಯ ಡಬ್ಬಿ, ಮುಚ್ಚಳ ಅದರಲ್ಲಿ ಇರಬಾರದು. ಮುಚ್ಚಳದಲ್ಲಿ ‘ಚಾ’ ಮಾಡಿ ಕುಡಿಯುವುದನ್ನು ನಾವು ಕಣ್ಣಾರೆ ಕಂಡು ಓಡಿದ್ದೇವೆ. ಎಷ್ಟು ತೊಳೆದರೂ ಆ ಡಬ್ಬಿ ಆಟಕ್ಕೂ ಬೇಡ, ನೀರಿಗೂ ಬೇಡ. ತೂತು ಮಾಡಿ ಇಟ್ಟರೆ ಯಾರೂ ಬಳಸುವುದಿಲ್ಲ. ಡಾಕ್ಟರ್ ಆಟಕ್ಕೆ ಕಸದಿಂದ ಸಿರಿಂಜು ತರುತ್ತವೆ, ಅದರ ಬದಲು ಪೆನ್ನಿನ ಕೊಳವೆ ಕೊಡಿ. ಮೂರು ವರ್ಷದೊಳಗಿನ ಕೂಸುಗಳ ಕೈಗೆ ಹುಣಸೆ ಬೀಜ, ಶೇಂಗಾ, ಗುಂಡಿ ಬೇಡ, ಗಂಟಲಲ್ಲಿ ಸಿಕ್ಕುತ್ತವೆ. ಕೊರಳಿಗೆ ಹಗ್ಗ, ಸೀರೆ ಕಟ್ಟಿಕೊಳ್ಳುವ ಆಟ ಕಂಡರೆ ತಕ್ಷಣ ನಿಲ್ಲಿಸಿ. ಕೃಷಿ ಹೊಂಡದ ಹತ್ತಿರ ಯಾವ ಆಟವೂ ಬೇಡ. ತಂಗಿಯನ್ನು ನೋಡಿಕೊಳ್ಳಲೆಂದು ದೊಡ್ಡ ಹುಡುಗಿಯನ್ನು ಶಾಲೆ ಬಿಡಿಸುವುದು ಇದಕ್ಕೆ ಪರಿಹಾರವಲ್ಲ. ಅದಕ್ಕೇ ಅಂಗನವಾಡಿ ಇರುವುದು.

ಚಂದ್ರಬಂಡದ ಆ ತಾಯಿ ಜೂನ್‌ನಲ್ಲಿ ಮಗಳನ್ನು ಖಾಸಗಿ ಶಾಲೆಗೇ ಸೇರಿಸಿದರು. ಅದು ಅವರ ಇಷ್ಟ. ಸಂಜೆ ವ್ಯಾನಿನಿಂದ ಇಳಿದ ಮೇಲೆ ಕಾಪಿ ಬರೆಸುವ ಮೊದಲು ಬೇವಿನ ಗಿಡದ ಕೆಳಗೆ ಒಂದು ತಾಸು ಬಿಡಿ ಎಂದು ಮಾತ್ರ ಕೇಳಿಕೊಂಡೆವು. ಬಿಡುತ್ತಿದ್ದಾರೆ.

ಸಂಘದವರು ಅಂಗನವಾಡಿಗೆ ಒಂದು ಆಟದ ಪೆಟ್ಟಿಗೆ ಮಾಡಿಕೊಟ್ಟಿದ್ದಾರೆ. ಕಿರಾಣಿ ಅಂಗಡಿಯಿಂದ ತಂದ ರಟ್ಟಿನ ಡಬ್ಬ. ಅದರಲ್ಲಿ ಮೂರು ಸೀರೆ ತುಂಡು, ಒಂದು ಹಳೇ ಪೋಸ್ಟ್‌ಮನ್ ಚೀಲ, ಕೆಟ್ಟ ಫೋನು (ಬ್ಯಾಟರಿ ತೆಗೆದದ್ದು), ತೆಂಗಿನ ಚಿಪ್ಪು, ಮರದ ಸೌಟು, ಬಸ್ ಟಿಕೆಟ್‌ಗಳು, ಕನ್ನಡಕದ ಚೌಕಟ್ಟು, ಸಂಘದ ತುಂಬಿದ ಹಳೇ ಪಾಸ್‌ಬುಕ್ಕು. ಪ್ರತಿ ತಿಂಗಳು ಇಬ್ಬರು ಸದಸ್ಯೆಯರು ಬಟ್ಟೆ ಒಗೆದು, ಒಡೆದದ್ದನ್ನು ತೆಗೆದು, ಹೊಸದೊಂದು ಸೇರಿಸುತ್ತಾರೆ. ನಿಮ್ಮ ಸಂಘದಲ್ಲೂ ಮಾಡುವುದಾದರೆ ಬಾಲವಿಕಾಸ ಸಮಿತಿಯಲ್ಲಿರುವ ತಾಯಂದಿರನ್ನೂ ಟೀಚರಮ್ಮನನ್ನೂ ಕೂಡಿಸಿ ಮಾತಾಡಿ. ಪೆಟ್ಟಿಗೆಯನ್ನು ಕಪಾಟಿನ ಮೇಲೆ ಇಡದೆ ಮಕ್ಕಳ ಕೈಗೆ ಸಿಗುವಂತೆ ನೆಲದ ಮೇಲೆ ಇಡಲು ಹೇಳಿ. ಅಧಿಕಾರಿಗಳು ನೋಡಲು ಬಂದಾಗ ತೋರಿಸಲೆಂದು ಹೊಸದಾಗಿ ಇಟ್ಟುಕೊಳ್ಳುವುದು ಬೇಡ, ಮಾಸಿದರೂ ಪರವಾಗಿಲ್ಲ.